ಫಿಸಿಯೋಥೆರಪಿಸ್ಟ್ ಎಂದರೆ ಮಾಲೀಷು ಮಾಡುವವರೇ? ಅವರ ಓದು, ಕೆಲಸ ಮತ್ತು ಅವರ ಬಗ್ಗೆ ಓಡಾಡುವ ಸುಳ್ಳುಗಳು

"ಲಕ್ವಾ ಹೊಡೆದರೆ ಹತ್ತೂ ಬೆರಳಿನ ತುದಿಗೆ ಸೂಜಿ ಚುಚ್ಚಿ ರಕ್ತ ತೆಗೆಯಿರಿ, ರೋಗಿ ಎದ್ದು ಕೂರುತ್ತಾರೆ."

"ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಬಿದ್ದ ಕೈಗೆ ಜೀವ ಬರುತ್ತದೆ."

"ಮೊಣಕಾಲು ಸವೆದಿದ್ದರೆ ನಡೆಯುವುದನ್ನು ಬಿಟ್ಟುಬಿಡಿ."

"ಆರು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್ ಆಗಿ, ಸ್ವಂತ ಕ್ಲಿನಿಕ್ ತೆರೆಯಿರಿ."

ಈ ನಾಲ್ಕರಲ್ಲಿ ಒಂದಾದರೂ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿರಬಹುದು. ನಾಲ್ಕೂ ತಪ್ಪು. ಮೊದಲನೆಯದು ಜೀವಕ್ಕೇ ಅಪಾಯ. ನಾಲ್ಕಕ್ಕೂ ಇರುವ ನಂಟು ಒಂದೇ: ಫಿಸಿಯೋಥೆರಪಿಸ್ಟ್ ಅಂದರೆ ಯಾರು, ಅವರು ಏನು ಕಲಿತಿರುತ್ತಾರೆ, ಅವರ ಹತ್ತಿರ ಯಾವಾಗ ಹೋಗಬೇಕು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಲೇಖನದಲ್ಲಿ ಅದನ್ನು ಒಂದೊಂದಾಗಿ ನೋಡೋಣ.

ಒಂದೇ ನೋಟದಲ್ಲಿ

• ಫಿಸಿಯೋಥೆರಪಿಸ್ಟ್ ಆಗಲು ಕನಿಷ್ಠ ಪದವಿ ಬೇಕು. ಆರು ತಿಂಗಳ ಸರ್ಟಿಫಿಕೇಟು ಸಾಲದು.
• ಅವರ ಮುಖ್ಯ ಔಷಧಿ ವ್ಯಾಯಾಮ. ಮಾಲೀಷು, ಕರೆಂಟು, ಕಾವು ಎಲ್ಲವೂ ಅದಕ್ಕೆ ಪಕ್ಕವಾದ್ಯ.
• ಲಕ್ವಾ ಹೊಡೆದಾಗ ಮೊದಲು ಆಸ್ಪತ್ರೆ, ಆಮೇಲೆ ಫಿಸಿಯೋಥೆರಪಿ. ಎರಡರಲ್ಲೂ ತಡ ಮಾಡಬಾರದು.
• ದಿನಾ ಪಟ್ಟಣಕ್ಕೆ ಓಡಾಡಲು ಆಗದಿದ್ದರೂ ಚಿಕಿತ್ಸೆ ಮುಂದುವರಿಸಬಹುದು. ಅದು ಹೇಗೆ ಎಂಬುದು ಕೊನೆಯಲ್ಲಿದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಾತು ಯಾಕೆ?

ಕಲಬುರಗಿ ಜಿಲ್ಲೆಯ ಈ ಐದು ಊರುಗಳ ಬದುಕು ನಿಂತಿರುವುದೇ ಮೈಕೈ ದುಡಿಮೆಯ ಮೇಲೆ. ನೆಲದಡಿ ಸುಣ್ಣದ ಕಲ್ಲು, ಮೇಲೆ ತೊಗರಿ. ವಾಡಿ, ಸೇಡಂ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆಗಳು; ಶಹಾಬಾದ್ ಮತ್ತು ಚಿತ್ತಾಪುರದ ಕಡೆ ಪರ್ಸಿ ಕಲ್ಲಿನ ಗಣಿಗಳು. ಊರೂರಿನ ಮನೆಗಳಿಗೆ ನೆಲಹಾಸಾಗಿರುವ ಶಹಾಬಾದ್ ಕಲ್ಲನ್ನು ಎಬ್ಬಿಸಿ, ಎತ್ತಿ, ಲಾರಿಗೆ ಹೇರುವವರು ಇಲ್ಲಿನವರೇ. ಒಂದು ಸಿಮೆಂಟ್ ಚೀಲದ ತೂಕ 50 ಕಿಲೋ. ಹೊಲದಲ್ಲಿ ಕಳೆ ತೆಗೆಯುವ, ತೊಗರಿ ಕೊಯ್ಯುವ ಹೆಣ್ಣುಮಕ್ಕಳು ದಿನವಿಡೀ ಬಗ್ಗಿಯೇ ಇರುತ್ತಾರೆ.

ಇಂಥ ಕಡೆ ಟೊಂಕ ಹಿಡಿದರೆ, ಮೊಣಕಾಲು ಬಾತರೆ, ಕೈ ಬಿದ್ದರೆ ಆ ದಿನದ ಕೂಲಿಯೂ ಬಿದ್ದಂತೆ. ಚಿಕಿತ್ಸೆಗೆ ಕಲಬುರಗಿಗೋ ತಾಂಡೂರಿಗೋ ಹೈದರಾಬಾದಿಗೋ ಹೋಗಬೇಕೆಂದರೆ ಬಸ್ಸಿನ ಖರ್ಚು ಬೇರೆ, ಜೊತೆಗೆ ಬರುವವರ ಕೂಲಿಯೂ ಬೇರೆ. ಹಾಗಾಗಿ ಪುಕ್ಕಟೆ ಸಿಗುವ ಫಾರ್ವರ್ಡ್ ಮೆಸೇಜು ಮೊದಲ ವೈದ್ಯನಾಗುತ್ತದೆ. ಇದರಲ್ಲಿ ಜನರನ್ನು ಬೈಯುವಂಥದ್ದು ಏನೂ ಇಲ್ಲ. ಆದರೆ ಹಾಗೆ ಕಳೆದುಹೋದ ದಿನಗಳು ತಿರುಗಿ ಬರುವುದಿಲ್ಲ.

ಕಾನೂನಿನ ಪ್ರಕಾರ ಫಿಸಿಯೋಥೆರಪಿಸ್ಟ್ ಯಾರು?

2021ರಲ್ಲಿ ಸಂಸತ್ತು ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅದರ ಅನುಸೂಚಿಯಲ್ಲಿ ಫಿಸಿಯೋಥೆರಪಿ ಒಂದು ಪ್ರತ್ಯೇಕ ವೃತ್ತಿ. ಅಲ್ಲಿ ಹೇಳಿರುವುದನ್ನು ಸರಳವಾಗಿ ಹೀಗೆ ತಿಳಿಯಬಹುದು: ರೋಗಿಯನ್ನು ಪೂರ್ತಿ ಪರೀಕ್ಷಿಸಿ, ಗಾಯ ಅಥವಾ ಕಾಯಿಲೆಯಿಂದ ಬಂದ ಚಲನೆಯ ತೊಂದರೆ, ನೋವು, ಅಂಗವೈಕಲ್ಯಕ್ಕೆ ವ್ಯಾಯಾಮ, ಕೈಚಿಕಿತ್ಸೆ, ವಿದ್ಯುತ್ ಮತ್ತು ಶಾಖದ ಉಪಕರಣಗಳಿಂದ ಚಿಕಿತ್ಸೆ ಕೊಡುವವರು. ಅವರು ಸ್ವತಂತ್ರವಾಗಿಯೂ ಕೆಲಸ ಮಾಡಬಹುದು, ವೈದ್ಯರ ತಂಡದ ಭಾಗವಾಗಿಯೂ ಮಾಡಬಹುದು. ಕನಿಷ್ಠ ವಿದ್ಯಾರ್ಹತೆ ಪದವಿ ಎಂದು ಅದೇ ಕಾಯ್ದೆ ಹೇಳುತ್ತದೆ. "ಆರು ತಿಂಗಳಲ್ಲಿ ಫಿಸಿಯೋಥೆರಪಿಸ್ಟ್" ಎಂಬ ಜಾಹೀರಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಈ ವೃತ್ತಿಯ ಹುಟ್ಟು ಮಾತ್ರ ಮಾಲೀಷಿನಿಂದಲೇ ಆದದ್ದು ನಿಜ. 1894ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ವರು ನರ್ಸ್‌ಗಳು ತರಬೇತಿ ಪಡೆದ ಮಾಲೀಷುಗಾರರ ಸಂಘ ಕಟ್ಟಿದರು. ಅದೇ ಮುಂದೆ ಆ ದೇಶದ ಫಿಸಿಯೋಥೆರಪಿಸ್ಟರ ಸಂಘವಾಯಿತು. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರು, ಆಮೇಲೆ ಪೋಲಿಯೋ ತಗುಲಿದ ಮಕ್ಕಳು ಈ ವಿದ್ಯೆಯನ್ನು ಬೆಳೆಸಿದರು. ಭಾರತದಲ್ಲಿಯೂ 1950ರ ದಶಕದಲ್ಲಿ ಮುಂಬೈಯಲ್ಲಿ ಈ ಶಿಕ್ಷಣ ಶುರುವಾದದ್ದು ಪೋಲಿಯೋ ಹಾವಳಿಯ ಹಿನ್ನೆಲೆಯಲ್ಲೇ. ಪೋಲಿಯೋ ಹೋಯಿತು, 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರವೂ ಸಿಕ್ಕಿತು. ಆದರೆ ಲಕ್ವಾ, ಅಪಘಾತ, ಟೊಂಕ ನೋವು ಉಳಿದಿವೆ.

ಏನು ಓದಬೇಕು?

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರು ಬಿ.ಪಿ.ಟಿ., ಅಂದರೆ ಬ್ಯಾಚುಲರ್ ಆಫ್ ಫಿಸಿಯೋಥೆರಪಿ ಸೇರಬಹುದು. ಕರ್ನಾಟಕದಲ್ಲಿ ಹೆಚ್ಚಿನ ಕಾಲೇಜುಗಳು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಇಲ್ಲಿ ನಡೆದುಬಂದ ಕ್ರಮ ನಾಲ್ಕು ವರ್ಷದ ಓದು, ಆರು ತಿಂಗಳ ಇಂಟರ್ನ್‌ಶಿಪ್. 2025ರಲ್ಲಿ ರಾಷ್ಟ್ರೀಯ ಆಯೋಗ ಹೊರತಂದ ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷ, ಒಟ್ಟು ಐದು ವರ್ಷ. ಮುಂದೆ ಓದುವವರಿಗೆ ಎರಡು ವರ್ಷದ ಎಂ.ಪಿ.ಟಿ. ಇದೆ. ಅದರಲ್ಲಿ ಎಲುಬು-ಕೀಲು, ನರ, ಹೃದಯ-ಶ್ವಾಸಕೋಶ, ಮಕ್ಕಳು, ಕ್ರೀಡೆ ಹೀಗೆ ಒಂದು ವಿಭಾಗ ಆರಿಸಿಕೊಳ್ಳುತ್ತಾರೆ.

ಮೊದಲ ವರ್ಷ ಮೈಯ ರಚನೆ ಮತ್ತು ಅದು ಕೆಲಸ ಮಾಡುವ ಬಗೆ. ಯಾವ ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಅಂಟಿದೆ, ಯಾವ ನರ ಅದನ್ನು ಆಡಿಸುತ್ತದೆ ಎಂಬುದನ್ನು ಬಾಯಿಪಾಠವಾಗುವಷ್ಟು ಕಲಿಯಬೇಕು. ನಂತರ ನಡಿಗೆಯ ಯಂತ್ರಶಾಸ್ತ್ರ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆ, ರೋಗಶಾಸ್ತ್ರ, ಔಷಧಶಾಸ್ತ್ರದ ತಿಳಿವಳಿಕೆ. ಕೊನೆಯ ವರ್ಷಗಳಲ್ಲಿ ಎಲುಬು, ನರ, ಹೃದಯ, ಶ್ವಾಸಕೋಶದ ಕಾಯಿಲೆಗಳು ಮತ್ತು ಆಸ್ಪತ್ರೆಯ ವಾರ್ಡು.

ಈ ಭಾಗದ ವಿದ್ಯಾರ್ಥಿಗಳು ಇನ್ನೊಂದನ್ನು ನೆನಪಿಡಬೇಕು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಇಲ್ಲಿನ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟು ಮೀಸಲಿವೆ. ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ಆ ವರ್ಷದ ಅಧಿಕೃತ ಪ್ರಕಟಣೆಯನ್ನೇ ನಂಬಿ, ಏಜೆಂಟರ ಮೆಸೇಜನ್ನು ನಂಬಬೇಡಿ.

ಅವರ ಹತ್ತಿರ ಹೋದಾಗ ಏನು ನಡೆಯುತ್ತದೆ?

ಒಳ್ಳೆಯ ಫಿಸಿಯೋಥೆರಪಿಸ್ಟ್ ಮೊದಲ ದಿನ ಮಷೀನು ಹಚ್ಚುವ ಮುಂಚೆ ಪ್ರಶ್ನೆ ಕೇಳುತ್ತಾರೆ. ನೋವು ಯಾವಾಗ ಶುರುವಾಯಿತು, ಏನು ಕೆಲಸ ಮಾಡುತ್ತೀರಿ, ರಾತ್ರಿ ಎಚ್ಚರವಾಗುತ್ತದೆಯೇ, ಸಕ್ಕರೆ ಕಾಯಿಲೆ, ಬಿಪಿ ಇದೆಯೇ? ಆಮೇಲೆ ನಡೆಸಿ ನೋಡುತ್ತಾರೆ, ಕೂತು ಏಳಿಸುತ್ತಾರೆ, ಸ್ನಾಯುವಿನ ಬಲ ಅಳೆಯುತ್ತಾರೆ, ಕೀಲು ಎಷ್ಟು ಮಡಚುತ್ತದೆ ಎಂದು ಬರೆದುಕೊಳ್ಳುತ್ತಾರೆ. ಅದರ ಮೇಲೆ ಒಂದು ಗುರಿ ಇಡುತ್ತಾರೆ: ಮೂರು ವಾರದಲ್ಲಿ ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗುವುದು, ಎರಡು ತಿಂಗಳಲ್ಲಿ ಕೆಲಸಕ್ಕೆ ಮರಳುವುದು. ಆ ಗುರಿ ಮುಟ್ಟಲು ಬೇಕಾದ ವ್ಯಾಯಾಮ ಕಲಿಸುತ್ತಾರೆ.

"ಕರೆಂಟ್ ಕೊಟ್ಟರಾ?" ಎಂದು ಮನೆಯಲ್ಲಿ ಕೇಳುವುದು ನಮಗೆ ರೂಢಿ. ಕರೆಂಟ್ ಕೊಟ್ಟರೆ ದುಡ್ಡಿಗೆ ಮೋಸವಿಲ್ಲ ಎಂಬ ಭಾವನೆ. ಆದರೆ 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದ ಟೊಂಕ ನೋವಿಗೆ ಹೊರಡಿಸಿದ ಮಾರ್ಗಸೂಚಿ ವ್ಯಾಯಾಮವನ್ನೂ ರೋಗಿಗೆ ತಿಳಿವಳಿಕೆ ಕೊಡುವುದನ್ನೂ ಶಿಫಾರಸು ಮಾಡುತ್ತದೆ. ಟೊಂಕದ ಬೆಲ್ಟು, ಎಳೆತ ಅಂದರೆ ಟ್ರ್ಯಾಕ್ಷನ್, ಚರ್ಮದ ಮೇಲೆ ಕೊಡುವ ಟೆನ್ಸ್ ಕರೆಂಟು, ಅಲ್ಟ್ರಾಸೌಂಡ್ ಚಿಕಿತ್ಸೆ ಇವನ್ನು ವಾಡಿಕೆಯಾಗಿ ಕೊಡಬೇಡಿ ಎನ್ನುತ್ತದೆ. ಹಾಗೆಂದು ಎಲ್ಲ ಮಷೀನೂ ಎಲ್ಲ ಕಾಯಿಲೆಯಲ್ಲೂ ವ್ಯರ್ಥ ಅಂತಲ್ಲ. ಬರೀ ಮಷೀನು ಹಚ್ಚಿ, ಮನೆಯಲ್ಲಿ ಮಾಡಲು ಏನೂ ಹೇಳಿಕೊಡದೆ ಕಳಿಸಿದರೆ ಅದು ಅರ್ಧ ಚಿಕಿತ್ಸೆ ಎಂದಷ್ಟೇ ತಿಳಿಯಿರಿ.

ಲಕ್ವಾ: ಸೂಜಿ ಬೇಡ, ಗಡಿಯಾರ ನೋಡಿ

ಲಕ್ವಾ ಅಥವಾ ಪಾರ್ಶ್ವವಾಯು ಕೈಕಾಲಿನ ಕಾಯಿಲೆ ಅಲ್ಲ, ಮಿದುಳಿನದು. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಆ ಭಾಗ ಆಡಿಸುತ್ತಿದ್ದ ಕೈಕಾಲು ನಿಲ್ಲುತ್ತವೆ. ಬೆರಳಿನ ತುದಿಯಿಂದ ನಾಲ್ಕು ಹನಿ ರಕ್ತ ತೆಗೆದರೆ ಮಿದುಳಿನ ನಾಳ ತೆರೆಯುವುದಿಲ್ಲ. ಮೈಗೆ ಯಾವ ಹಕ್ಕಿಯ ರಕ್ತ ಹಚ್ಚಿದರೂ ಅದು ಚರ್ಮ ದಾಟಿ ಮಿದುಳಿಗೆ ಹೋಗುವುದಿಲ್ಲ.

ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲು ಆಗದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅರ್ಹ ರೋಗಿಗಳಿಗೆ ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಚಿಂಚೋಳಿಯಂಥ ರೈಲಿಲ್ಲದ ಊರಿನಿಂದ ದೊಡ್ಡ ಆಸ್ಪತ್ರೆ ಸೇರುವುದಕ್ಕೇ ಎಷ್ಟು ಹೊತ್ತು ಬೇಕು ಎಂದು ನೀವೇ ಲೆಕ್ಕ ಹಾಕಿ. ಸೂಜಿ ಹುಡುಕುವುದರಲ್ಲಿ, ನಾಟಿ ಔಷಧಿಯವರ ಮನೆಗೆ ಹೋಗುವುದರಲ್ಲಿ ಕಳೆದ ಒಂದೊಂದು ಗಂಟೆಯೂ ಆ ಲೆಕ್ಕದಿಂದಲೇ ಕಡಿತ. ಆ ಹೊತ್ತಿನಲ್ಲಿ ಬಾಯಿಗೆ ನೀರು, ಊಟ, ಗುಳಿಗೆ ಏನೂ ಹಾಕಬೇಡಿ. ನುಂಗಲಾಗದೆ ಶ್ವಾಸನಾಳಕ್ಕೆ ಹೋಗಬಹುದು.

ಫಿಸಿಯೋಥೆರಪಿಸ್ಟರ ಸರದಿ ಆಮೇಲಿನದು. ಸತ್ತ ಮಿದುಳಿನ ಜೀವಕೋಶ ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ಭಾಗ ಹೊಸದಾಗಿ ಕೆಲಸ ಕಲಿಯಬಲ್ಲದು. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿದಾಗ ಮಿದುಳು ಅದಕ್ಕೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಮುಖ್ಯ ರಸ್ತೆ ಕಿತ್ತುಹೋದಾಗ ಹೊಲದ ದಾರಿ ತುಳಿದು ತುಳಿದು ಬಂಡಿದಾರಿ ಆಗುವ ಹಾಗೆ. ಈ ಚೇತರಿಕೆ ಮೊದಲ ಮೂರು ತಿಂಗಳಲ್ಲಿ ಎಲ್ಲಕ್ಕಿಂತ ಚುರುಕು. ಆಮೇಲೂ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಎಣ್ಣೆ ತಿಕ್ಕಿದಾಗ ಹಿತವೆನಿಸಬಹುದು, ಆದರೆ ಮಲಗಿರುವ ರೋಗಿಗೆ ಬೇರೆಯವರು ತಿಕ್ಕುವುದರಿಂದ ಮಿದುಳು ಏನೂ ಕಲಿಯುವುದಿಲ್ಲ. ರೋಗಿ ತಾನೇ ಪ್ರಯತ್ನಿಸಬೇಕು.

ಬೇಗ ಶುರು ಮಾಡಬೇಕು ಎಂದರೆ ಅವಸರ ಎಂದಲ್ಲ. 2015ರಲ್ಲಿ ಪ್ರಕಟವಾದ ಅವರ್ಟ್ ಎಂಬ ಅಧ್ಯಯನ ಐದು ದೇಶಗಳ 2,104 ರೋಗಿಗಳನ್ನು ಗಮನಿಸಿತು. ಮೊದಲ 24 ಗಂಟೆಯೊಳಗೇ ಎಬ್ಬಿಸಿ ಪದೇಪದೇ ಹೆಚ್ಚು ಹೊತ್ತು ಚಟುವಟಿಕೆ ಮಾಡಿಸಿದವರ ಚೇತರಿಕೆ ಮೂರು ತಿಂಗಳ ನಂತರ ನೋಡಿದರೆ ಉಳಿದವರಿಗಿಂತ ಕಡಿಮೆಯೇ ಇತ್ತು. ಆದ್ದರಿಂದ ಯಾವಾಗ ಎಬ್ಬಿಸಬೇಕು, ಎಷ್ಟು ಹೊತ್ತು ಕೂರಿಸಬೇಕು ಎಂಬುದನ್ನು ವೈದ್ಯರು, ಫಿಸಿಯೋಥೆರಪಿಸ್ಟರು ತೀರ್ಮಾನಿಸಲಿ.

ಮನೆಯವರು ತಿಳಿದಿರಲೇಬೇಕಾದ ಮೂರು ಮಾತು:

• ಬಿದ್ದ ಕೈಯನ್ನು ಹಿಡಿದು ಎಳೆದು ಎಬ್ಬಿಸಬೇಡಿ, ಕಂಕುಳಕ್ಕೆ ಕೈಹಾಕಿ ಎತ್ತಬೇಡಿ. ಸ್ನಾಯುವಿನ ಹಿಡಿತ ಇಲ್ಲದ ಭುಜದ ಕೀಲು ಜಾರುತ್ತದೆ.
• ಒಂದೇ ಮಗ್ಗುಲಲ್ಲಿ ಮಲಗಿಸಬೇಡಿ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಹೊರಳಿಸಿ, ಇಲ್ಲದಿದ್ದರೆ ಬೆನ್ನಿನಲ್ಲಿ ಹುಣ್ಣು ಬೀಳುತ್ತದೆ.
• ಸ್ಪರ್ಶ ತಿಳಿಯದ ಕೈಕಾಲಿಗೆ ಬಿಸಿ ಇಟ್ಟಿಗೆ, ಬಿಸಿ ಉಪ್ಪಿನ ಗಂಟು ಇಡಬೇಡಿ. ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ.

ಟೊಂಕ ನೋವು, ಮೊಣಕಾಲು ನೋವು

2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನರಿಗೆ ಟೊಂಕ ನೋವಿತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರದು ಕೆಲವು ವಾರಗಳಲ್ಲಿ ಕಡಿಮೆಯಾಗುವಂಥದ್ದು. "ತಿಂಗಳು ಪೂರ್ತಿ ಮಲಗಿ" ಎಂಬುದು ಹಳೆಯ ಸಲಹೆ. ಮಲಗಿದಷ್ಟೂ ಬೆನ್ನಿನ ಸ್ನಾಯು ಸೊರಗುತ್ತದೆ. ನೋವು ತಾಳುವಷ್ಟು ಓಡಾಡುತ್ತಿರುವುದು ಒಳ್ಳೆಯದು. ಕಲ್ಲು ಅಥವಾ ಚೀಲ ಎತ್ತುವವರಿಗೆ ಫಿಸಿಯೋಥೆರಪಿಸ್ಟ್ ಕಲಿಸುವ ಮೊದಲ ಪಾಠ ಸರಳ: ಭಾರ ಮೈಗೆ ಹತ್ತಿರ ಇರಲಿ, ಬಲ ಕಾಲಿನಿಂದ ಬರಲಿ, ಎತ್ತಿಕೊಂಡೇ ಸೊಂಟ ತಿರುಗಿಸಬೇಡಿ, ಪಾದ ತಿರುಗಿಸಿ.

ಮೊಣಕಾಲು ಸವೆತಕ್ಕೂ ಇದೇ ಮಾತು. ನಡೆದರೆ ಕೀಲು ಇನ್ನಷ್ಟು ಸವೆಯುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಮೇಲಿನ ಹೊರೆ ಇಳಿಯುತ್ತದೆ. ಶುರುವಿಗೆ ಕೆಲವು ದಿನ ಸ್ವಲ್ಪ ನೋವು ಹೆಚ್ಚಬಹುದು, ಅದು ಹಾನಿಯ ಗುರುತಲ್ಲ. ಇಂಗ್ಲೆಂಡಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲೂ ವ್ಯಾಯಾಮವೇ ಮೊದಲ ಚಿಕಿತ್ಸೆ.

ಆದರೆ ಕೆಲವು ಟೊಂಕ ನೋವು ಬೇರೆ ಕಾಯಿಲೆಯ ಸೂಚನೆ. ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಅಥವಾ ಗಡ್ಡೆ ಇರಬಹುದು. ಮೊದಲು ವೈದ್ಯರಿಗೆ ತೋರಿಸಿ. ಕಲಿತ ಫಿಸಿಯೋಥೆರಪಿಸ್ಟ್ ಈ ಲಕ್ಷಣ ಕಂಡರೆ ತಾವೇ ಚಿಕಿತ್ಸೆ ನಿಲ್ಲಿಸಿ ವೈದ್ಯರ ಹತ್ತಿರ ಕಳಿಸುತ್ತಾರೆ. ಮಾಲೀಷು ಮಾಡುವವರಿಗೂ ಅವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಎಲುಬು ಮುರಿದರೆ?

ಮುರಿದ ಎಲುಬನ್ನು ಕೂಡಿಸುವುದು ಎಲುಬಿನ ವೈದ್ಯರ ಕೆಲಸ. ಎಕ್ಸ್‌ರೇ ಇಲ್ಲದೆ ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿಸಿಕೊಂಡರೆ ರಕ್ತ ಓಡಾಟ ನಿಂತು ಬೆರಳು, ಕೆಲವೊಮ್ಮೆ ಕೈಯೇ ಕೊಳೆಯಬಹುದು. ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ನೋವು ತಡೆಯಲಾಗದಷ್ಟಾದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪ್ಲಾಸ್ಟರ್ ಬಿಚ್ಚಿದ ಮೇಲೆ ಬಿಗಿದ ಕೀಲು ಸಡಿಲಿಸುವುದು, ಸೊರಗಿದ ಸ್ನಾಯುವಿಗೆ ಬಲ ತುಂಬುವುದು ಫಿಸಿಯೋಥೆರಪಿಸ್ಟರ ಕೆಲಸ. "ಎಲುಬು ಕೂಡಿತು, ಇನ್ನೇನು" ಎಂದು ಇಲ್ಲಿಗೇ ನಿಲ್ಲಿಸಿದವರಲ್ಲಿ ಕೈ ಪೂರ್ತಿ ಮಡಚಲಾಗದೆ ಉಳಿಯುವುದುಂಟು.

ಇವಿಷ್ಟೇ ಅಲ್ಲ. ಕತ್ತು ನಿಲ್ಲದ, ವಯಸ್ಸಿಗೆ ತಕ್ಕಂತೆ ಕೂರದ ಮಕ್ಕಳಿಗೆ, ಹಳೆಯ ದಮ್ಮಿನ ಕಾಯಿಲೆಯಿಂದ ಏದುಸಿರು ಬಿಡುವ ಹಿರಿಯರಿಗೆ, ಹೃದಯದ ಶಸ್ತ್ರಚಿಕಿತ್ಸೆ ಆದವರಿಗೆ, ಹೆರಿಗೆಯ ನಂತರ ಮೂತ್ರ ಸೋರುವ ತೊಂದರೆ ಇರುವ ತಾಯಂದಿರಿಗೂ ಇವರ ನೆರವು ಬೇಕಾಗುತ್ತದೆ.

ಅವರು ಏನು ಮಾಡುವಂತಿಲ್ಲ? 'ಡಾಕ್ಟರ್' ಎನ್ನಬಹುದೇ?

ಫಿಸಿಯೋಥೆರಪಿಸ್ಟ್ ಎಂ.ಬಿ.ಬಿ.ಎಸ್. ಓದಿದವರಲ್ಲ. ಇಂಜೆಕ್ಷನ್ ಕೊಡುವುದು, ಔಷಧಿ ಬರೆದುಕೊಡುವುದು, ಶಸ್ತ್ರಚಿಕಿತ್ಸೆ ಮಾಡುವುದು ಅವರ ಕೆಲಸವಲ್ಲ. ಹೆಸರಿನ ಹಿಂದೆ 'ಡಾ.' ಹಾಕುವ ವಿಚಾರ ಮಾತ್ರ ವಿವಾದದ್ದು. 2025ರ ಪಠ್ಯಕ್ರಮದಲ್ಲಿ 'ಡಾ.' ಜೊತೆಗೆ ಹೆಸರಿನ ಮುಂದೆ 'ಪಿ.ಟಿ.' ಎಂದು ಬಳಸುವ ಸೂಚನೆ ಇತ್ತು. ಅದೇ ವರ್ಷ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಹಾಗೆ ಬಳಸಬಾರದು ಎಂದು ಪತ್ರ ಬರೆಯಿತು. ಮರುದಿನವೇ, ಇನ್ನಷ್ಟು ಪರಿಶೀಲನೆ ಬೇಕೆಂದು ಆ ಪತ್ರವನ್ನು ಹಿಂತೆಗೆದುಕೊಂಡಿತು. ಮೊದಲ ಪತ್ರದ ಫೋಟೋವನ್ನಷ್ಟೇ ಫಾರ್ವರ್ಡ್ ಮಾಡಿದರೆ ಅರ್ಧ ಸುದ್ದಿ ಹಂಚಿದಂತೆ. ರೋಗಿಗೆ ಬೇಕಾದದ್ದು ಹೆಸರಿನ ಹಿಂದಿನ 'ಡಾ.' ಅಲ್ಲ, ಮುಂದಿನ ಪದವಿ ಯಾವುದು ಎಂಬ ಮಾಹಿತಿ.

ಅಸಲಿಯನ್ನು ಗುರುತಿಸುವುದು ಹೇಗೆ?

1. ಬೋರ್ಡಿನಲ್ಲಿ ಬಿ.ಪಿ.ಟಿ. ಅಥವಾ ಎಂ.ಪಿ.ಟಿ. ಇದೆಯೇ, ಯಾವ ವಿಶ್ವವಿದ್ಯಾಲಯ ಎಂದು ಕೇಳಿ. ಕೇಳುವುದು ತಪ್ಪಲ್ಲ.
2. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ವ್ಯಾಪ್ತಿಗೆ ಫಿಸಿಯೋಥೆರಪಿ ಕೇಂದ್ರಗಳೂ ಬರುತ್ತವೆ. ಕೆ.ಪಿ.ಎಂ.ಇ. ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ನೋಡಿ.
3. ಪರೀಕ್ಷೆ ಮಾಡದೆ ನೇರ ಮಷೀನಿನ ಕೆಳಗೆ ಮಲಗಿಸಿದರೆ ಅನುಮಾನಪಡಿ.
4. "ಇಷ್ಟು ದಿನದಲ್ಲಿ ನೂರಕ್ಕೆ ನೂರು ವಾಸಿ" ಎಂಬ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ.

ದಿನಾ ಓಡಾಡಲು ಆಗದಿದ್ದರೆ?

ಇದು ಈ ಭಾಗದ ನಿಜವಾದ ಪ್ರಶ್ನೆ. ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಯಜಮಾನರಿಗೆ ಲಕ್ವಾ ಹೊಡೆದಿದೆ ಎಂದು ಊಹಿಸಿಕೊಳ್ಳಿ. ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ, "ಫಿಸಿಯೋಥೆರಪಿ ಮಾಡಿಸಿ" ಎಂದು ಚೀಟಿಯಲ್ಲಿದೆ. ಮೂರು ದಿನ ಗಾಡಿ ಮಾಡಿಕೊಂಡು ಹೋಗುತ್ತಾರೆ. ನಾಲ್ಕನೇ ದಿನ ದುಡ್ಡು ಮುಗಿಯುತ್ತದೆ. ಚಿಕಿತ್ಸೆಯೂ ಮುಗಿಯುತ್ತದೆ.

ಹೀಗಾಗಬೇಕಿಲ್ಲ. ಫಿಸಿಯೋಥೆರಪಿಯ ಬಹುಪಾಲು ಕಲಿತುಕೊಂಡು ಮನೆಯಲ್ಲೇ ಮಾಡುವಂಥದ್ದು. ಮೊದಲ ಭೇಟಿಯಲ್ಲೇ ನಿಮ್ಮ ಪರಿಸ್ಥಿತಿ ಹೇಳಿಬಿಡಿ: "ಸರ್, ನಮಗೆ ದಿನಾ ಬರಲಾಗುವುದಿಲ್ಲ. ಮನೆಯಲ್ಲಿ ಮಾಡುವಂತೆ ಕಲಿಸಿಕೊಡಿ, ಎರಡು ವಾರಕ್ಕೊಮ್ಮೆ ಬರುತ್ತೇವೆ." ರೋಗಿಯನ್ನು ನಿತ್ಯ ನೋಡಿಕೊಳ್ಳುವವರೇ, ಅದು ಸೊಸೆಯಾಗಲಿ ಮಗನಾಗಲಿ, ಜೊತೆಗೆ ಹೋಗಿ. ಹೇಳಿಕೊಡುವುದನ್ನು ಅನುಮತಿ ಕೇಳಿ ನಿಮ್ಮ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಯಾವ ವ್ಯಾಯಾಮ, ಎಷ್ಟು ಸಲ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು ಎಂದು ಬರೆಸಿಕೊಳ್ಳಿ. ಯೂಟ್ಯೂಬಿನಲ್ಲಿ ಸಿಗುವ ಯಾರದೋ ವ್ಯಾಯಾಮಕ್ಕಿಂತ ನಿಮ್ಮ ರೋಗಿಯನ್ನು ಮುಟ್ಟಿ ನೋಡಿದವರು ಹೇಳಿದ ನಾಲ್ಕು ವ್ಯಾಯಾಮ ಮೇಲು.

ಜೊತೆಗೆ ಇರುವ ಸೌಲಭ್ಯ ಬಳಸಿಕೊಳ್ಳಿ. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಆಸ್ಪತ್ರೆ ಇದೆ. ಇ.ಎಸ್.ಐ. ಕಾರ್ಡ್ ಇರುವ ಕಾರ್ಮಿಕರು ಮತ್ತು ಅವರ ಕುಟುಂಬದವರು ಅಲ್ಲಿನ ಇ.ಎಸ್.ಐ.ಸಿ. ಆಸ್ಪತ್ರೆಗೆ ಹೋಗಬಹುದು, ಗುತ್ತಿಗೆ ಕಾರ್ಮಿಕರೂ ತಮ್ಮ ಹೆಸರು ನೋಂದಣಿ ಆಗಿದೆಯೇ ಎಂದು ವಿಚಾರಿಸಿ. ಮಕ್ಕಳ ಬೆಳವಣಿಗೆಯಲ್ಲಿ ತೊಂದರೆ ಇದ್ದರೆ ಅಂಗನವಾಡಿ ಮತ್ತು ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ. ಅವರು ಕಳಿಸುವ ಜಿಲ್ಲಾ ಶೀಘ್ರ ಮಧ್ಯಪ್ರವೇಶ ಕೇಂದ್ರದ ತಂಡದಲ್ಲಿ ಫಿಸಿಯೋಥೆರಪಿಸ್ಟ್ ಹುದ್ದೆಯೂ ಸೇರಿದೆ. ಅಂಗವೈಕಲ್ಯ ಉಳಿದರೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಗುರುತಿನ ಚೀಟಿ, ಪಿಂಚಣಿ, ಸಾಧನ ಸಲಕರಣೆಯ ಅರ್ಜಿಗೆ ದಾರಿ ತೋರುವುದು ಅವರ ಕೆಲಸ.

ಕೊನೆಯ ಮಾತು

ಫಿಸಿಯೋಥೆರಪಿಸ್ಟ್ ನಾಲ್ಕೈದು ವರ್ಷ ಓದಿ ಬಂದಿರುವುದು ನಿಮ್ಮ ಮೈಯನ್ನು ಮತ್ತೆ ದುಡಿಮೆಗೆ ಅಣಿ ಮಾಡುವುದನ್ನು ಕಲಿಸಲು. ಕಲಿಸುವುದು ಅವರ ಪಾಲು, ದಿನಾ ಮಾಡುವುದು ನಮ್ಮ ಪಾಲು. ಮುಂದಿನ ಸಲ ಕ್ಲಿನಿಕ್‌ನಿಂದ ಬಂದವರನ್ನು "ಕರೆಂಟ್ ಕೊಟ್ಟರಾ?" ಎಂದು ಕೇಳುವ ಬದಲು "ಮನೆಯಲ್ಲಿ ಏನು ಮಾಡಲು ಹೇಳಿದರು?" ಎಂದು ಕೇಳೋಣ.

ಗುಂಪಿಗೆ ಕಳಿಸಲು ಇಷ್ಟು ಸಾಕು: *ಬಾಯಿ ಸೊಟ್ಟ, ಕೈ ಬಿದ್ದಿದೆ, ಮಾತು ತೊದಲು: ಸೂಜಿ ಬೇಡ, 108ಕ್ಕೆ ಕರೆ ಮಾಡಿ. ಜೀವ ಉಳಿದ ಮೇಲೆ ಮಾಲೀಷಿಗೆ ಕಾಯಬೇಡಿ, ಪದವಿ ಓದಿದ ಫಿಸಿಯೋಥೆರಪಿಸ್ಟರನ್ನು ಕಾಣಿ, ವ್ಯಾಯಾಮ ಕಲಿತು ಮನೆಯಲ್ಲಿ ಮಾಡಿ. ಮೊದಲ ಮೂರು ತಿಂಗಳು ಬಂಗಾರ.*